ರೋಡ್ ಬೈಕಿಗೆ ಹೊಸ ಸೀಟು: ಅಗಲ ಎಷ್ಟು, ಜೆಲ್ ಬೇಕೋ ಬೇಡವೋ?

ಗುಮ್ಮಟನಗರಿ ಸವಾರ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ರೋಡ್ ಬೈಕಿನ (ರೇಸಿಂಗ್ ಸೈಕಲ್ಲಿನ) ಸೀಟು ಬದಲಿ ಮಾಡೋದದ. ಯಾವ ಅಳತಿದು, ಯಾವ ನಮೂನಿದು ತಗೋಬೇಕು ಅಂತ ತಿಳಿದವರು ಹೇಳ್ರಿ. ಬೇಕಾಗೋ ಮಾಹಿತಿ ಎಲ್ಲಾ ಇಲ್ಲೇ ಕೊಡ್ತೀನಿ.

ಬೈಕು ಅಲ್ಯೂಮಿನಿಯಂ ಫ್ರೇಮಿಂದು, ಸೈಜು 54. ಸೀಟ್ ಪೋಸ್ಟ್ (ಸೀಟು ಹೊತ್ತ ಪೈಪು) 27.2 ಎಂಎಂ, ಮ್ಯಾಲಿನ ಕ್ಲಿಪ್ಪಿಗೆ ಮುಂದೊಂದು ಹಿಂದೊಂದು ಬೋಲ್ಟ್ ಅವ. ಈಗಿನ ಸೀಟು ಬೈಕಿನ ಜೋಡಿನೇ ಬಂದದ್ದು. ಉದ್ದ 278 ಎಂಎಂ, ಹಿಂದ ಅಗಲ ಇರೋ ಕಡೆ 132 ಎಂಎಂ. ಬಲಗಡೆ ಫೋಮ್ ಕುಸಿದದ, ಅದೇ ಕಡೆ ರೇಲು (ಸೀಟಿನ ಕೆಳಗಿನ ಸರಳು) ಸ್ವಲ್ಪ ಬಾಗಿದಂಗ ಕಾಣ್ತದ, ರೆಕ್ಸಿನ್ ಹರಿದದ. ನನ್ನ ಎತ್ತರ 172 ಸೆಂ.ಮೀ., ತೂಕ 74 ಕೆ.ಜಿ., ಒಳಗಾಲಿನ ಉದ್ದ (ತೊಡಿಸಂದಿಂದ ನೆಲದ ತನಕ) 80 ಸೆಂ.ಮೀ. ಬಾಟಮ್ ಬ್ರಾಕೆಟ್ (ಪೆಡಲ್ ಕೈ ತಿರುಗೋ ಅಚ್ಚು) ನಡುವಿಂದ ಸೀಟಿನ ಮ್ಯಾಲಿನ ತನಕ ಈಗ 73 ಸೆಂ.ಮೀ. ಅದ.

ತ್ರಾಸು ಏನಂದ್ರ, 30 ಕಿ.ಮೀ. ದಾಟಿದ ಮ್ಯಾಲ ಮುಂದಿನ ಭಾಗಕ್ಕ ಜೋಮು ಹಿಡೀತದ. ಇಳಿದು ಐದು ಮಿನಿಟು ನಿಂತ್ರ ಹೋಗ್ತದ, ಮತ್ತ ಹತ್ತಿದ್ರ ಹತ್ತು ಕಿ.ಮೀ.ದಾಗ ಅದೇ ಕತಿ. ಎಲುಬಿನ ನೋವು ಬಲಗಡೆ ಜಾಸ್ತಿ. ತೊಡಿ ಉಜ್ಜೋ ತ್ರಾಸಿಲ್ಲ. ವಾರಕ್ಕ ಮೂರು ದಿನ 40 ಕಿ.ಮೀ. ಸವಾರಿ, ರವಿವಾರ ಕೊಲ್ಹಾರ ಬ್ರಿಜ್ ಕಡೆ ಇಲ್ಲಾ ಸೊಲ್ಲಾಪುರ ರೋಡಿಗೆ ಉದ್ದದ್ದು. ಮುಂದ 200 ಕಿ.ಮೀ. ಬ್ರೆವೆ (ಗೊತ್ತುಮಾಡಿದ ವೇಳೆದಾಗ ಮುಗಿಸೋ ಉದ್ದ ಸವಾರಿ) ಮಾಡೋ ವಿಚಾರ ಅದ.

ಕೇಳೋದು ಇಷ್ಟು: ಅಗಲ ಎಷ್ಟಿರಬೇಕು ಅಂತ ಮನಿಯಾಗೇ ಹೆಂಗ ಅಳೀಬೇಕು? ಜೆಲ್ ಸೀಟು ಇಲ್ಲಾ ಜೆಲ್ ಕವರು ಹಾಕಿದ್ರ ಜೋಮು ಹೋಗ್ತದೋ? ಪರಿಚಯದವರು ಒಬ್ಬರು ಕಾರ್ಬನ್ ರೇಲಿನ ಹಳೇ ಸೀಟು ಕಮ್ಮಿ ರೇಟಿಗೆ ಕೊಡ್ತೀನಿ ಅಂತಾರ, ನನ್ನ ಕ್ಲಿಪ್ಪಿಗೆ ಕೂಡ್ತದೋ? ಬದಲಿ ಮಾಡುವಾಗ ಈಗಿನ ಪೊಸಿಷನ್ ಕೆಡದಂಗ ಹೆಂಗ ಮಾಡಬೇಕು?

ಜಮಖಂಡಿ ಚೈನ್‌ರಿಂಗ್

ಸವಾರ ಅವರೇ, ಅಳತೆ ಸಮೇತ ಕೇಳಿದ್ದು ಬಹಳ ಚಲೋ ಆಯ್ತು. ನಿಮ್ಮ ಅರ್ಧ ಉತ್ತರ ಆ ಅಳತೆಯಲ್ಲೇ ಇದೆ.

ರೇಲು ಬಾಗಿದ ಸೀಟನ್ನು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬಾಗಿದ ರೇಲು ಒಂದು ದಿನ ಗುಂಡಿಯಲ್ಲಿ ಮುರಿಯುತ್ತದೆ. ಆದರೆ ಜೋಮಿನ ತಪ್ಪು ಪೂರ್ತಿ ಸೀಟಿನದಲ್ಲ. ಒಳಗಾಲು 80 ಸೆಂ.ಮೀ.ಯನ್ನು 0.883ರಿಂದ ಗುಣಿಸಿ, 70.6 ಬರುತ್ತದೆ. ಸೈಕಲ್ ರೇಸುಗಾರ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಲೆಕ್ಕ ಇದು. ಇದೇ ಕೊನೆ ಮಾತಲ್ಲ, ಶುರು ಮಾಡೋಕೆ ಒಂದು ಗುರುತು. ನಿಮ್ಮದು 73. ಹತ್ತು ಹದಿನೈದು ಮಿಲಿಮೀಟರ್ ಆಚೀಚೆ ಆದರೆ ಬೂಟಿನ ಅಟ್ಟೆ, ಪಾದದ ಉದ್ದ ಅಂತ ಕಾರಣ ಹೇಳಬಹುದು. 24 ಮಿಲಿಮೀಟರ್ ಅಂದರೆ ಸೀಟು ಎತ್ತರ ಆಗಿದೆ ಅಂತಲೇ ಅರ್ಥ.

ಎತ್ತರ ಜಾಸ್ತಿ ಆದಾಗ ಏನಾಗುತ್ತದೆ ನೋಡ್ರಿ. ಪೆಡಲು ಕೆಳಗೆ ಹೋದಾಗ ಕಾಲು ಎಟುಕುವುದಿಲ್ಲ. ಎಟುಕಿಸಲು ಸೊಂಟ ಒಂದು ಬದಿಗೆ ಜಾರುತ್ತದೆ. ಬಹಳ ಜನ ತಮಗೆ ಗೊತ್ತಿಲ್ಲದೆ ಒಂದೇ ಬದಿಗೆ ಜಾರಿ ಕೂರುತ್ತಾರೆ. ನಿಮ್ಮ ಸೀಟಿನ ಬಲಗಡೆಯ ಫೋಮು ಕುಸಿದದ್ದು, ಬಲರೇಲು ಬಾಗಿದ್ದು, ಬಲ ಎಲುಬು ನೋಯುವುದು, ಮೂರೂ ಒಂದೇ ಕತೆ ಹೇಳುತ್ತಿವೆ. ಇದನ್ನು ಸರಿ ಮಾಡದೆ ಹೊಸ ಸೀಟು ಹಾಕಿದರೆ ಅದೂ ಬಲಕ್ಕೇ ಕುಸಿಯುತ್ತದೆ.

ಗೋಡೆಗೆ ಬೈಕು ಆನಿಸಿ ಹತ್ತಿ, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲು ತೀರಾ ಕೆಳಗೆ ಹೋದಾಗ ಮೊಣಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ಅಲ್ಲಾಡಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲಲ್ಲಿ ಸಣ್ಣ ಬಾಗು ತಾನಾಗೇ ಉಳಿಯುತ್ತದೆ. ಒಂದೇ ಸಲ 24 ಎಂಎಂ ಇಳಿಸಬೇಡಿ, ಮೊಣಕಾಲಿನ ಮುಂಭಾಗ ಹಿಡಿಯುತ್ತದೆ. 5 ಎಂಎಂ ಇಳಿಸಿ, ಎರಡು ಸವಾರಿ ನೋಡಿ, ಮತ್ತೆ 5 ಎಂಎಂ ಇಳಿಸಿ. ಹಿಂದಿನಿಂದ ಯಾರಾದರೂ ವಿಡಿಯೋ ಹಿಡಿದರೆ ಸೊಂಟದ ಅಲ್ಲಾಟ ನಿಂತ ಎತ್ತರ ಕಣ್ಣಿಗೇ ಕಾಣುತ್ತದೆ. ಎತ್ತರ ಸರಿಯಾದ ಮೇಲೂ ಬಲಕ್ಕೇ ಜಾರುತ್ತಿದ್ದರೆ ಕಾಲಿನ ಉದ್ದದಲ್ಲಿ ಹೆಚ್ಚುಕಮ್ಮಿ ಇರಬಹುದು. ಅದನ್ನು ಫಿಸಿಯೋಥೆರಪಿಸ್ಟ್ ನೋಡಬೇಕು, ಸೀಟಿನಿಂದ ಸರಿ ಹೋಗುವ ಮಾತಲ್ಲ.

ಇನ್ನು ಸೀಟಿನ ಮೂತಿಯ (ಮುಂದಿನ ತುದಿಯ) ವಾಲು. ಬೈಕನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ. ಟೈಲ್ಸ್ ಹಾಸಿದ ನೆಲವೂ ಬಚ್ಚಲ ಕಡೆಗೆ ಇಳಿಜಾರು ಇರುತ್ತದೆ, ಮೊದಲು ನೆಲಕ್ಕೇ ರಸಮಟ್ಟ ಇಟ್ಟು ನೋಡಿಕೊಳ್ಳಿ. ಸೀಟಿನ ಮೇಲೆ ಉದ್ದಕ್ಕೆ ಒಂದು ನೇರ ಪಟ್ಟಿ ಅಥವಾ ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ರಸಮಟ್ಟವನ್ನೋ ಫೋನಿನ ಲೆವೆಲ್ ಆ್ಯಪನ್ನೋ ಇಡಿ. ಸೊನ್ನೆಯಿಂದ ಶುರು ಮಾಡಿ. ಮೂತಿ ಮೇಲಿದ್ದರೆ ತೊಡೆಸಂದಿನ ಪುಡೆಂಡಲ್ ನರದ ಮೇಲೆ ಭಾರ ಬೀಳುತ್ತದೆ, ರಕ್ತ ಓಡಾಟ ಕಮ್ಮಿ ಆಗುತ್ತದೆ, ಜೋಮು ಅಂದರೆ ಅದೇ. ಒಂದೆರಡು ಡಿಗ್ರಿ ಕೆಳಗೆ ವಾಲಿಸಿದರೆ ಹೆಚ್ಚಿನವರಿಗೆ ಆರಾಮ. ಅದಕ್ಕಿಂತ ಜಾಸ್ತಿ ವಾಲಿಸಿದರೆ ಮೈ ಮುಂದಕ್ಕೆ ಜಾರುತ್ತದೆ, ತಡೆಯಲು ಕೈ ಒತ್ತಬೇಕಾಗುತ್ತದೆ, ಅಂಗೈ ಮತ್ತು ಹೆಗಲು ನೋಯಲು ಶುರು.

ನಮ್ಮ ಕಡೆಯ ರೋಡಿಗೆ ಸಂಬಂಧಿಸಿದ ಒಂದು ಮಾತು ಹೇಳಲೇಬೇಕು. ವಿಜಯಪುರ, ಬಾಗಲಕೋಟೆ ಬಯಲಲ್ಲಿ ಏರು ಕಮ್ಮಿ, ಎದುರುಗಾಳಿ ಜಾಸ್ತಿ. ಘಟ್ಟ ಹತ್ತುವವರು ಆಗಾಗ ಎದ್ದು ನಿಂತು ತುಳಿಯುತ್ತಾರೆ, ರಕ್ತ ಓಡುತ್ತದೆ. ನಾವು ಡ್ರಾಪ್ (ಹ್ಯಾಂಡಲಿನ ಕೆಳಬಾಗು) ಹಿಡಿದು ಬಗ್ಗಿ, ಒಂದೇ ಭಂಗಿಯಲ್ಲಿ ಒಂದು ತಾಸು ಕೂರುತ್ತೇವೆ. ಸೀಟು ಎಷ್ಟೇ ಒಳ್ಳೆಯದಿರಲಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಗೇರು ಭಾರ ಮಾಡಿ 20-30 ಸೆಕೆಂಡು ನಿಂತು ತುಳಿಯುವ ರೂಢಿ ಮಾಡಿಕೊಳ್ಳಿ. 200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ತಾಸಿನ ಅವಕಾಶ ಇರುತ್ತದೆ. ಅಷ್ಟು ಹೊತ್ತು ಕೂರುವವರಿಗೆ ಈ ರೂಢಿ ಬೇಕೇ ಬೇಕು.

ಜೆಲ್ ಬೇಡ. ಮೆತ್ತಗಿದ್ದರೆ ಆರಾಮ ಅನ್ನೋದು ಮನೆ ಸೋಫಾದ ಲೆಕ್ಕ. ಸೀಟಿನ ಮೇಲೆ ಭಾರ ಹೊರಬೇಕಾದದ್ದು ಕೂರುವ ಎರಡು ಎಲುಬು ಮಾತ್ರ. ಮೆತ್ತಗಿನದರಲ್ಲಿ ಆ ಎಲುಬು ಕೆಳಗೆ ಹುಗಿಯುತ್ತವೆ, ನಡುವಿನ ಮೆತ್ತೆ ಉಬ್ಬಿ ಮೇಲೆ ಬಂದು ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ. ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿದಾಗ ಚಲೋ ಅನಿಸಿದ್ದು ಎರಡನೇ ತಾಸಿಗೆ ಶತ್ರು ಆಗುತ್ತದೆ. ಜೆಲ್ ಕವರಿನದು ಇನ್ನೂ ಕೆಟ್ಟದ್ದು: ಅದು ಸೀಟಿನ ಮೇಲೆ ಸರಿದಾಡುತ್ತದೆ, ಸೀಟನ್ನು ಅಗಲ ಮಾಡಿ ತೊಡೆ ಉಜ್ಜಿಸುತ್ತದೆ, ಎತ್ತರವನ್ನೂ ಏರಿಸುತ್ತದೆ.

ಅಗಲ ಅಳೆಯೋದು ಹೀಗೆ. ಫ್ರಿಜ್ಜೋ ಟಿವಿಯೋ ಬಂದ ಡಬ್ಬಿಯ ಅಲೆಅಲೆ ಪದರಿನ ರಟ್ಟು ಒಂದು ಅಡಿ ಚೌಕ ಕತ್ತರಿಸಿಕೊಳ್ಳಿ. ಮಡಿಕೆ ಬಿದ್ದಿರಬಾರದು. ಮೆತ್ತೆ ಇಲ್ಲದ ಗಟ್ಟಿ ಸ್ಟೂಲಿನ ಮೇಲೆ ಇಡಿ. ತೆಳು ಚಡ್ಡಿ ಹಾಕಿ ಕೂತು, ಹ್ಯಾಂಡಲ್ ಹಿಡಿದಷ್ಟೇ ಮುಂದಕ್ಕೆ ಬಗ್ಗಿ, ಪಾದದ ಕೆಳಗೆ ಇಟ್ಟಂಗಿ ಇಟ್ಟು ಮೊಣಕಾಲು ಸ್ವಲ್ಪ ಎತ್ತಿ. ಸ್ಟೂಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಮೈಯನ್ನು ಕೆಳಕ್ಕೆ ಎಳೆದುಕೊಂಡು ಅರ್ಧ ನಿಮಿಷ ಅಲ್ಲಾಡದೆ ಕೂರಿ. ಎದ್ದು ನೋಡಿದರೆ ಎರಡು ತಗ್ಗು ಕಾಣುತ್ತವೆ. ಕಾಣದಿದ್ದರೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೇಲೆ ಸವರಿ, ತಗ್ಗಿಗೆ ಬಣ್ಣ ಹತ್ತುವುದಿಲ್ಲ. ಒಂದು ತಗ್ಗಿನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ, ಅಂಚಿನಿಂದ ಅಂಚಿಗಲ್ಲ. ಮೂರು ಸಲ ಮಾಡಿ. ಮೂರರಲ್ಲಿ 5 ಎಂಎಂಗಿಂತ ಜಾಸ್ತಿ ಫರಕು ಬಂದರೆ ಕೂತದ್ದೇ ಸರಿಯಾಗಿಲ್ಲ.

ಆ ಅಳತೆಗೆ ಸಾಧಾರಣ ರೋಡ್ ಭಂಗಿಗಾದರೆ 20ರಿಂದ 30 ಎಂಎಂ ಕೂಡಿಸಿ. ತೀರಾ ಬಗ್ಗಿ ರೇಸ್ ಓಡಿಸುವವರಿಗೆ 10-20 ಸಾಕು, ಯಾಕೆಂದರೆ ಸೊಂಟ ಮುಂದಕ್ಕೆ ಉರುಳಿದಷ್ಟೂ ಭಾರ ಎಲುಬಿನ ಮುಂದಿನ, ಕಿರಿದಾದ ಭಾಗದ ಮೇಲೆ ಬೀಳುತ್ತದೆ. ಸ್ಪೆಷಲೈಸ್ಡ್ ಕಂಪನಿಯ ರೋಡ್ ಸೀಟುಗಳು 130, 143, 155, 168 ಎಂಎಂ ಅಳತೆಯಲ್ಲಿ ಬರುತ್ತವೆ; ಫಿಝಿಕ್‌ನಲ್ಲಿ 140, 150ರ ಆಸುಪಾಸು. ಆಳು ದಪ್ಪ ಇದ್ದರೆ ಅಗಲ ಸೀಟು ಬೇಕು ಅನ್ನೋದು ತಪ್ಪು. ಎಲುಬಿನ ನಡುವಿನ ಅಂತರಕ್ಕೂ ಹೊಟ್ಟೆಯ ಸುತ್ತಳತೆಗೂ ಸಂಬಂಧವಿಲ್ಲ.

ಪಾನಾ-ಪಕ್ಕಡ (ಬಾಗಲಕೋಟೆ)

ಜಮಖಂಡಿ ಅಣ್ಣಾರು ಅಳತಿ ಮಾತು ಪೂರಾ ಹೇಳ್ಯಾರ. ನಾ ಫಿಟಿಂಗ್ ಮಾತು ಹೇಳ್ತೀನಿ.

ಕಾರ್ಬನ್ ರೇಲಿನ ಹಳೇ ಸೀಟು ತಗೋಬ್ಯಾಡ್ರಿ. ಸ್ಟೀಲು, ಕ್ರೋಮೋಲಿ (ಒಂದು ನಮೂನಿ ಗಟ್ಟಿ ಸ್ಟೀಲು), ಟೈಟೇನಿಯಂ ರೇಲು ದುಂಡಗ 7 ಎಂಎಂ ಇರತಾವು. ಕಾರ್ಬನ್ ರೇಲು ಹೆಚ್ಚಾಗಿ ಮೊಟ್ಟಿ ಆಕಾರ, ಅಗಲ 7 ಎಂಎಂ, ಎತ್ತರ 9 ಎಂಎಂ. ರೇಲನ್ನ ಎರಡೂ ಬಾಜೂದಿಂದ ಹಿಡಿಯೋ ಕ್ಲಿಪ್ಪು ಇದ್ರ 7 ಎಂಎಂ ದುಂಡು ತೋಡಿನೊಳಗ ಇದು ಕೂಡಂಗಿಲ್ಲ, ಕ್ಲಿಪ್ಪಿಗೆ ಬ್ಯಾರೆ ಕಿವಿ (ರೇಲು ಹಿಡಿಯೋ ತುಣುಕು) ತರಿಸಬೇಕು. ನಿಮ್ಮದು ಮ್ಯಾಲ-ಕೆಳಗ ಒತ್ತಿ ಹಿಡಿಯೋ ಎರಡು ಬೋಲ್ಟಿಂದು. ಅದರಾಗ ಕೆಲವು ಕೂಡತಾವು, ಕೆಲವು ಅಂಚಿನ ಮ್ಯಾಲ ಅಷ್ಟ ಒತ್ತತಾವು. ಅಂಚಿನ ಮ್ಯಾಲ ಒತ್ತಿದ ಕಾರ್ಬನ್ ಸೀಳತೈತಿ. ಸ್ಟೀಲ್ ರೇಲು ಬಾಗಿ ಮುನ್ಸೂಚನಾ ಕೊಡತೈತಿ, ಕಾರ್ಬನ್ ಹೇಳದ ಕೇಳದ ಒಮ್ಮೇಲೆ ಹೋಗತೈತಿ. ಹಳೇದಂದ್ರ ಹಿಂದಿನವರು ಎಷ್ಟು ಬಿಗಿ ಮಾಡಿದ್ರು, ಎಲ್ಲಿ ಕೆಡವಿದ್ರು ಅಂತ ಹೊರಗಿಂದ ಕಾಣಂಗಿಲ್ಲ. ನೂರು ಗ್ರಾಂ ಉಳಸಾಕ ಹೋಗಿ ಬೆನ್ನೆಲುಬು ಪಣಕ್ಕಿಡೋದು ಬ್ಯಾಡ. ನಿಮಗ ಕ್ರೋಮೋಲಿ ರೇಲಿಂದು ಸಾಕು. ವಜನ ಸ್ವಲ್ಪ ಜಾಸ್ತಿ ಐತಿ ಖರೆ, ನಮ್ಮ ರೋಡಿನ ಗುಂಡಿಗೆ ತಡೀತೈತಿ.

ಹಳೇ ಸೀಟು ಬಿಚ್ಚೋಕಿಂತ ಮೊದಲ ಅಳತಿ ಬರಕೋರಿ. ಇಲ್ಲೇ ಎಲ್ಲಾರೂ ತಪ್ತಾರ. ಮೂತಿಯ ತುದಿಯಿಂದ ಹ್ಯಾಂಡಲ್‌ಗೆ ಅಳದು ಹೊಸದನ್ನೂ ಹಂಗ ಕೂಡಸ್ತಾರ. ನಿಮ್ಮದು 278 ಎಂಎಂ ಉದ್ದ, ಹೊಸಾ ಗಿಡ್ಡ ಮೂತಿದು 240ರ ಆಸುಪಾಸು ಇರತೈತಿ. ಮೂತಿ ಹಿಡದು ಕೂಡಿಸಿದ್ರ ನೀವು ಕುಂಡ್ರೋ ಜಾಗಾನ ಮುಂದ ಬಂದಬಿಡತೈತಿ, ಮೊಣಕಾಲು ನೋಯ್ತಾವು. ಅದಕ್ಕ ಮೂತಿ ಬಿಟ್ಟು ಬ್ಯಾರೆ ಗುರ್ತು ಬೇಕು. ಸೀಟಿನ ಅಗಲ ಸರಿಯಾಗಿ 80 ಎಂಎಂ ಆಗೋ ಜಾಗಾ ಹುಡುಕ್ರಿ. ವರ್ನಿಯರ್ (ಅಳತಿ ಕ್ಯಾಲಿಪರ್) ಇದ್ರ 80ಕ್ಕ ತೆರದು ಮೂತಿ ಕಡಿಂದ ಹಿಂದಕ್ಕ ಸರಸ್ಕೋತ ಹೋಗ್ರಿ, ಎಲ್ಲಿ ತಡೀತೈತಿ ಅದ ಜಾಗಾ. ಇಲ್ಲಂದ್ರ ಒಂದು ರಟ್ಟಿನಾಗ 80 ಎಂಎಂ ಅಗಲದ ಸಂದು ಕತ್ತರಿಸಿದ್ರೂ ಆತು. ಅಲ್ಲಿ ಟೇಪು ಹಚ್ಚಿ ಗೆರಿ ಎಳೀರಿ. ಹೊಸಾ ಸೀಟಿಗೂ ಹಂಗ ಗೆರಿ ಎಳೀರಿ.

ಈ ಗೆರಿಯಿಂದ ಮೂರು ಅಳತಿ: ಬಾಟಮ್ ಬ್ರಾಕೆಟ್ ನಡುವಿಂದ ಗೆರಿ ತನಕ ಎತ್ತರ, ಗೆರಿಯಿಂದ ಹ್ಯಾಂಡಲ್ ನಡುವಿನ ತನಕ ದೂರ, ಮತ್ತ ಗೌಂಡಿಯವರು ಗ್ವಾಡಿಗೆ ಹಿಡಿಯೋ ತೂಗುಗುಂಡು ಗೆರಿಯಿಂದ ಇಳಿಬಿಟ್ರ ಅದು ಬಾಟಮ್ ಬ್ರಾಕೆಟ್‌ಕಿಂತ ಎಷ್ಟು ಹಿಂದ ಬೀಳತೈತಿ ಅನ್ನೋದು. ಹೊಸಾ ಸೀಟು ಕೂಡಿಸಿದ ಮ್ಯಾಲ ಮೂರೂ ಹೊಂದಸ್ರಿ. ಎತ್ತರಾನೂ ಮತ್ತ ಅಳೀಲೇಬೇಕು, ಯಾಕಂದ್ರ ರೇಲಿನಿಂದ ಮ್ಯಾಲಿನ ತನಕದ ದಪ್ಪ ಸೀಟಿಂದ ಸೀಟಿಗೆ 10 ಎಂಎಂ ಫರಕಾಗಬಹುದು. ಸೀಟು 10 ಎಂಎಂ ಹಿಂದಕ್ಕ ಸರಿಸಿದ್ರ ಬಾಟಮ್ ಬ್ರಾಕೆಟ್‌ದಿಂದ ಸುಮಾರು 3 ಎಂಎಂ ದೂರಾನೂ ಆಗತೈತಿ, ಅಷ್ಟು ಪೋಸ್ಟು ಇಳಸ್ರಿ.

ಎರಡು ಬೋಲ್ಟಿನ ಕ್ಲಿಪ್ಪಿಗೆ 4 ಇಲ್ಲಾ 5 ಎಂಎಂ ಅಲೆನ್ ಕೀ ಹತ್ತತೈತಿ. ಎರಡೂ ಪೂರಾ ಬಿಚ್ಚಬ್ಯಾಡ್ರಿ, ಒಳಗಿನ ದುಂಡು ನಟ್ಟು ಪುಟದು ಕಳದು ಹೋಗತೈತಿ. ಮ್ಯಾಲಿನ ಪಟ್ಟಿ ಅಡ್ಡ ತಿರುಗುವಷ್ಟು ಸಡಿಲು ಮಾಡಿದ್ರ ರೇಲು ಹೊರಗ ಬರತಾವು. ಕ್ಲಿಪ್ಪಿನ ತೋಡಿನೊಳಗ ಎರಿ ಮಣ್ಣಿನ ಧೂಳು, ಬೆವರಿನ ಉಪ್ಪು ಕುಂತಿರತೈತಿ. ಹಳೇ ಟೂತ್‌ಬ್ರಷ್ಷಿಗೆ ಚಿಮಣಿ ಎಣ್ಣಿ ಹಚ್ಚಿ ತಿಕ್ಕಿ ಒರಸ್ರಿ. ಬೋಲ್ಟಿನ ಥ್ರೆಡ್ಡಿಗೆ, ತಲೀ ಕೆಳಗ ಗ್ರೀಸು ಹಚ್ಚರಿ. ಗ್ರೀಸಿಲ್ಲದ ಬೋಲ್ಟು ಬಿಗಿ ಆತು ಅಂತ ಕೈಗೆ ಅನಸತೈತಿ, ಆದ್ರ ರೇಲನ್ನ ಬಿಗಿಯಾಗಿ ಹಿಡದಿರಂಗಿಲ್ಲ. ಪೋಸ್ಟ್ ಕಾರ್ಬನ್ ಇದ್ರ ಪೈಪಿಗೆ ಗ್ರೀಸು ಬ್ಯಾಡ, ಕಾರ್ಬನ್ ಪೇಸ್ಟು ಹಚ್ಚಬೇಕು. ಅಲ್ಯೂಮಿನಿಯಂಗ ಗ್ರೀಸು ಹಚ್ಚದಿದ್ರ ಬೆವರು ಇಳದು ಫ್ರೇಮಿನಾಗ ಕಚ್ಚಿಕೊಂಡು ಮುಂದ ಪೋಸ್ಟು ಹೊರಗ ಬರಂಗಿಲ್ಲ.

ಮುಂದಿನ ಬೋಲ್ಟು ಬಿಗಿದ್ರ ಮೂತಿ ಕೆಳಗ, ಹಿಂದಿಂದು ಬಿಗಿದ್ರ ಮೂತಿ ಮ್ಯಾಲ. ಅರ್ಧ ಸುತ್ತು ಒಂದನ್ನ ಬಿಟ್ಟು ಅರ್ಧ ಸುತ್ತು ಇನ್ನೊಂದನ್ನ ಬಿಗೀರಿ. ಎಷ್ಟು ಬಿಗೀಬೇಕು ಅನ್ನೋದು ಪೋಸ್ಟಿನ ಮ್ಯಾಲ ಎನ್ಎಂ (ನ್ಯೂಟನ್ ಮೀಟರ್, ಬಿಗಿಯ ಅಳತಿ) ಅಂತ ಬರದಿರತೈತಿ. ಬಿಗಿ ಅಳೆಯೋ ಟಾರ್ಕ್ ಪಾನಾ ಇಲ್ಲದಿದ್ರ ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಸಾಕು. ಬೋಲ್ಟಿನ ನಡುವಿಂದ 10 ಸೆಂ.ಮೀ. ದೂರಕ್ಕ ಅಲೆನ್ ಕೀಗೆ ಕೊಕ್ಕೆ ಹಾಕಿ, ಕೀಗೆ ಲಂಬವಾಗಿ ಎಳೀರಿ. ತಕ್ಕಡಿ 5 ಕಿಲೋ ತೋರಿಸಿದ್ರ ಅದು ಹೆಚ್ಚೂಕಮ್ಮಿ 5 ಎನ್ಎಂ.

ರೇಲಿನ ನೇರ ಭಾಗದಾಗ ಅಷ್ಟ ಕ್ಲಿಪ್ಪು ಹಿಡೀಬೇಕು. ಕೆಲವು ರೇಲಿನ ಮ್ಯಾಲ ಗುರ್ತು ಇರತೈತಿ. ಬಾಗಿನ ಮ್ಯಾಲ ಹಿಡದ್ರ ರೇಲು ಅಲ್ಲೇ ಮುರೀತೈತಿ. ಪೂರಾ ತುದಿಗೆ ಸರಿಸಿದ್ರೂ ಅಳತಿ ಸಾಲಲಿಲ್ಲ ಅಂದ್ರ ಪೋಸ್ಟ್ ಬದಲಿ ಮಾಡ್ರಿ. ಹಿಂದಕ್ಕ 20-25 ಎಂಎಂ ಬಾಗಿದ್ದೂ ಸಿಗತಾವು, ನೆಟ್ಟಗಿದ್ದೂ ಸಿಗತಾವು.

ಚೋರ್ಲಾ ಏರು (ಬೆಳಗಾವಿ)

ಮೇಲಿನ ಇಬ್ಬರದೂ ಒಪ್ಪುವ ಮಾತು. ಆದರೆ ಅಗಲ ಸಿಕ್ಕರೆ ಸೀಟು ಸಿಕ್ಕಂತಲ್ಲ. 143 ಎಂಎಂದೇ ಎರಡು ಸೀಟು ಪಕ್ಕಪಕ್ಕ ಇಟ್ಟರೆ ಒಂದು ಬಯಲಿನಂತೆ, ಇನ್ನೊಂದು ತೊಟ್ಟಿಲಿನಂತೆ ಇರುತ್ತದೆ. ಆಕಾರ ನೋಡಬೇಕು.

ಬದಿಯಿಂದ ನೋಡಿ. ಉದ್ದಕ್ಕೂ ಚಪ್ಪಟೆ ಇರುವುದು ಹಿಂದೆಮುಂದೆ ಸರಿದು ಕೂರುವವರಿಗೆ ಹೊಂದುತ್ತದೆ. ಹಿಂದೆ ಎತ್ತರ, ನಡುವೆ ತಗ್ಗು ಇರುವುದು ಒಂದೇ ಜಾಗದಲ್ಲಿ ಹಿಡಿದು ಕೂರಿಸುತ್ತದೆ. ಬೆನ್ನು ಬಿಗಿ ಇರುವವರಿಗೆ, ಬಗ್ಗಲು ಆಗದವರಿಗೆ ಇದು ಹಿತ. ಫಿಝಿಕ್ ಕಂಪನಿ ಒಂದು ಕಾಲಕ್ಕೆ ಮೈ ಬಗ್ಗುವ ಪ್ರಮಾಣ ನೋಡಿ ಹಾವು, ಗೋಸುಂಬೆ, ಗೂಳಿ ಅಂತ ಮೂರು ವರ್ಗ ಮಾಡಿ ಆರಿಯೋನೆ, ಅಂಟಾರೆಸ್, ಅಲಿಯಾಂಟೆ ಅಂತ ಮೂರು ಸೀಟು ಮಾರಿತ್ತು. ಆ ಹೆಸರು ಬಿಟ್ಟರೂ ವಿಚಾರ ಇಂದಿಗೂ ಸರಿ. ಮೊಣಕಾಲು ಮಡಿಸದೆ ಬಗ್ಗಿ ಅಂಗೈ ನೆಲಕ್ಕೆ ಮುಟ್ಟಿದರೆ ಚಪ್ಪಟೆ ಸೀಟಿನಿಂದ ಶುರು ಮಾಡಿ, ಬೆರಳ ತುದಿ ಮೊಣಕಾಲಿನಿಂದ ಸ್ವಲ್ಪ ಕೆಳಗೆ ನಿಂತರೆ ತಗ್ಗಿನದು.

ಮೇಲಿನಿಂದ ನೋಡಿ. ಮೂತಿಯಿಂದ ಹಿಂದಕ್ಕೆ ನಿಧಾನವಾಗಿ ಅಗಲವಾಗುವುದು ಒಂದು ಬಗೆ, ಇಂಗ್ಲಿಷಿನ ಟಿ ಅಕ್ಷರದಂತೆ ತಟ್ಟನೆ ಅಗಲವಾಗುವುದು ಇನ್ನೊಂದು. ತೊಡೆ ಉಜ್ಜುವವರಿಗೆ ಟಿ ಆಕಾರದ್ದು ಬೇಕು. ಸವಾರ ಅವರಿಗೆ ಆ ತೊಂದರೆ ಇಲ್ಲವಾದ್ದರಿಂದ ಯಾವುದಾದರೂ ಆದೀತು.

ನಡುವಿನ ಕಿಂಡಿ ಬಗ್ಗೆ: ಜೋಮು ಇರುವವರು ಕಿಂಡಿ ಇರುವುದನ್ನೇ ಮೊದಲು ನೋಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೇಲ್ಮೈಯಲ್ಲಿ ಬರೀ ಗೀರು ಎಳೆದಂತೆ ಇರುವ ತಗ್ಗು ಸಾಲದು, ಕೂತಾಗ ಅದು ಮುಚ್ಚಿಹೋಗುತ್ತದೆ. ಆದರೆ ಕಿಂಡಿ ತೀರಾ ಅಗಲವಿದ್ದು ಅಂಚು ಗಟ್ಟಿಯಾಗಿದ್ದರೆ ಭಾರವೆಲ್ಲ ಆ ಅಂಚಿನ ಮೇಲೆ ಬಿದ್ದು, ಎರಡು ಗೆರೆ ಎಳೆದಂತೆ ನೋವು ಬರುತ್ತದೆ. ಹೆಂಗಸರಿಗೆ ಈ ತೊಂದರೆ ಹೆಚ್ಚು: ಮೆದು ಭಾಗ ಕಿಂಡಿಯೊಳಗೆ ಇಳಿದು ಬಾವು ಬರಬಹುದು. ಸ್ಪೆಷಲೈಸ್ಡ್‌ನ ಮಿಮಿಕ್ ಸೀಟುಗಳಲ್ಲಿ ಕಿಂಡಿ ತೆರೆದಿಡದೆ ಮೆತ್ತನೆಯ ಪದರ ತುಂಬಿದ್ದು ಇದೇ ಕಾರಣಕ್ಕೆ. ನಮ್ಮ ಕಡೆ ಹುಡುಗಿಯರಿಗೆ ಅಣ್ಣನ ಬೈಕು, ಅಣ್ಣನ ಸೀಟು ಸಿಗುತ್ತದೆ, ನೋವು ಹೇಳಿಕೊಳ್ಳಲು ನಾಚಿಕೆ. ದಯವಿಟ್ಟು ರಟ್ಟಿನ ಮೇಲೆ ಅವರನ್ನೂ ಕೂರಿಸಿ ಅಳೆಯಿರಿ. ಹೆಂಗಸರಲ್ಲಿ ಎಲುಬಿನ ಅಂತರ ಸರಾಸರಿಯಲ್ಲಿ ಹೆಚ್ಚು, 155 ಬೇಕಾದವರು 130ರ ಮೇಲೆ ಕೂತು ಸೈಕಲ್ಲೇ ಬಿಟ್ಟುಬಿಡುತ್ತಾರೆ.

ಗಿಡ್ಡ ಮೂತಿಯ ಸೀಟು 2015ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಪವರ್ ಸೀಟು ಬಂದ ಮೇಲೆ ರೂಢಿಗೆ ಬಂತು. ಡ್ರಾಪ್ ಹಿಡಿದು ಬಗ್ಗಿದಾಗ ಮುಂದೆ ಒತ್ತಲು ಮೂತಿಯೇ ಇರುವುದಿಲ್ಲ. ಎದುರುಗಾಳಿಯಲ್ಲಿ ಬಗ್ಗಿ ಓಡಿಸುವ ನಿಮ್ಮ ರೋಡಿಗೆ ಇದೇ ಸರಿ ಅಂತ ನನಗನಿಸುತ್ತದೆ. ಒಂದು ಕೊರತೆ ಇದೆ. ಕೂರುವ ಜಾಗ ಒಂದೇ, ದಣಿದಾಗ ಹಿಂದೆಮುಂದೆ ಸರಿಯಲು ಅವಕಾಶ ಕಮ್ಮಿ. ಜಮಖಂಡಿಯವರು ಹೇಳಿದ ಎದ್ದು ನಿಲ್ಲುವ ರೂಢಿ ಇದಕ್ಕೆ ಇನ್ನೂ ಮುಖ್ಯ.

ಸೀಟಿಗಿಂತ ಮೊದಲು ಚಡ್ಡಿ ನೋಡಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬಾರದು, ಅದರ ಹೊಲಿಗೆಯೇ ಚರ್ಮ ಕೆರೆಯುತ್ತದೆ. ಪ್ರತಿ ಸವಾರಿಗೂ ಒಗೆದದ್ದೇ ಆಗಬೇಕು. ಮನೆಗೆ ಬಂದ ಕೂಡಲೇ ಬಿಚ್ಚಿ ಸ್ನಾನ ಮಾಡಿ. ಒದ್ದೆ ಚಡ್ಡಿಯಲ್ಲೇ ಚಹಾ ಕುಡಿಯುತ್ತ ಕೂರುವುದರಿಂದಲೇ ಅರ್ಧ ಕುರು ಏಳುತ್ತವೆ. ಎದ್ದರೆ ಬಿಸಿನೀರಿನ ಶಾಖ ಕೊಟ್ಟು ಎರಡು ಮೂರು ದಿನ ಬೈಕು ಬಿಡಿ. ಒಡೆಯಬೇಡಿ. ಗಟ್ಟಿ ಗಂಟಾಗಿ ಉಳಿದರೆ ಡಾಕ್ಟರಿಗೆ ತೋರಿಸಿ. ಬೈಕಿನಿಂದ ಇಳಿದ ಮೇಲೂ ತಾಸುಗಟ್ಟಲೆ ಜೋಮು ಹೋಗದೆ ಸ್ಪರ್ಶ ಮರಳದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ಸೀಟಿನ ಚರ್ಚೆ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಗುಮ್ಮಟನಗರಿ ಸವಾರ (ವಿಜಯಪುರ)

ಮೂವರಿಗೂ ಶರಣ್ರಿ. ಹೇಳಿದಂಗೇ ಅಳದೆ. ರಟ್ಟಿನ ಮ್ಯಾಲ ಮೂರು ಸಲ ಕೂತೆ: 117, 119, 118 ಎಂಎಂ. ಸೀಟಿನ ಮೂತಿ 4 ಡಿಗ್ರಿ ಮ್ಯಾಲಿತ್ತು, ಸೊನ್ನೆಕ್ಕ ತಂದೀನಿ. ಎತ್ತರ ಸದ್ಯ 72. ಬಗ್ಗಿದ್ರ ಬೆರಳು ಮೀನಖಂಡದ ನಡುವಿನ ತನಕ ಅಷ್ಟೇ ಹೋಗ್ತಾವ. ಇಷ್ಟಕ್ಕೇ 40 ಕಿ.ಮೀ. ತನಕ ಜೋಮು ಬರಲಿಲ್ಲ.

ಈಗ 118ಕ್ಕ 25 ಕೂಡಿಸಿದ್ರ 143. ಗಿಡ್ಡ ಮೂತಿ, ಕಿಂಡಿ ಇರೋದು, ಕ್ರೋಮೋಲಿ ರೇಲು. ಸರಿ ಅದ ಹೌದಿಲ್ಲ? ಇನ್ನೊಂದು, ಗೆಳೆಯರೊಬ್ಬರು ಬ್ರೆವೆಗೆ ಬ್ರೂಕ್ಸ್ ಚರ್ಮದ ಸೀಟೇ ಬೇಕು ಅಂತಾರ. ಮತ್ತ 3ಡಿ ಪ್ರಿಂಟ್ ಮಾಡಿದ್ದು ಅಂತ ಜಾಲರಿ ಇರೋವು ಬಂದಾವಲ್ಲ, ಅವು ಹೆಂಗ?

ಚೋರ್ಲಾ ಏರು (ಬೆಳಗಾವಿ)

143 ಸರಿ. ಅಂಗಡಿಯಲ್ಲಿ 145 ಸಿಕ್ಕರೂ ತೊಂದರೆಯಿಲ್ಲ. ಎರಡು ಅಳತೆಯ ನಡುವೆ ಸಿಕ್ಕಿಕೊಂಡರೆ, ತೊಡೆ ಉಜ್ಜದಿದ್ದಲ್ಲಿ ಅಗಲದ್ದನ್ನೇ ತಗೊಳ್ಳಿ. ಕಿರಿದಾದ ಸೀಟಿನಲ್ಲಿ ಎಲುಬು ಅಂಚಿನಿಂದ ಜಾರಿ ಭಾರ ನಡುವಿಗೆ ಬರುತ್ತದೆ, ನಿಮ್ಮ 132ರಲ್ಲಿ ಆದದ್ದು ಇದೂ ಒಂದು. ಮೈ ಬಿಗಿ ಇದೆ ಅಂದಿರಿ, ಹಾಗಾಗಿ ನಡುವೆ ಸ್ವಲ್ಪ ತಗ್ಗು ಇರುವುದನ್ನು ನೋಡಿ.

ಬ್ರೂಕ್ಸ್ ಬಿ17 ಚಲೋ ಸೀಟು, ಆದರೆ ಅದರ ಅಗಲ 170 ಎಂಎಂ ದಾಟುತ್ತದೆ. ಹ್ಯಾಂಡಲ್ ಸೀಟಿನ ಮಟ್ಟಕ್ಕಿರುವ, ನೆಟ್ಟಗೆ ಕೂರುವ ಟೂರಿಂಗ್ ಬೈಕಿನದು ಅದು. ನಿಮ್ಮ ಭಂಗಿಗೆ ತೊಡೆ ಉಜ್ಜುತ್ತದೆ. ಚರ್ಮ ನಿಮ್ಮ ಎಲುಬಿನ ಆಕಾರಕ್ಕೆ ಪಳಗಲು ನೂರಾರು ಕಿಲೋಮೀಟರ್ ಬೇಕು. ನೆನೆದ ಮೇಲೆ ಕೂತು ಓಡಿಸಿದರೆ ತೊಟ್ಟಿಲಿನಂತೆ ಜೋತು ಬೀಳುತ್ತದೆ. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಅದನ್ನು ಕಾಪಾಡುವುದೇ ಒಂದು ಕೆಲಸ. ವಿಜಯಪುರದಲ್ಲಿ ಮಳೆ ಕಮ್ಮಿ, ಆದರೆ ಬೇಸಿಗೆಯ ಬಿಸಿಲಿಗೆ ಚರ್ಮ ಒಣಗಿ ಬಿರುಕು ಬಿಡದಂತೆ ಮೇಣದ ಪಾಲಿಶ್ ಹಚ್ಚುತ್ತಿರಬೇಕು. ಎಣ್ಣೆ ಮಾತ್ರ ಹಾಕಬಾರದು, ಚರ್ಮ ಮೆತ್ತಗಾಗಿ ಜೋಲುತ್ತದೆ.

3ಡಿ ಪ್ರಿಂಟಿನವು ನಿಜವಾಗಿಯೂ ಚಲೋ: ಒಂದೇ ಸೀಟಿನಲ್ಲಿ ಎಲುಬಿನ ಕೆಳಗೆ ಗಟ್ಟಿ, ನಡುವೆ ಮೆತ್ತಗೆ ಮಾಡಬಹುದು, ಫೋಮಿನಲ್ಲಿ ಅದು ಕಷ್ಟ. ಆದರೆ ದುಬಾರಿ, ಮತ್ತು ಜಾಲರಿಯೊಳಗೆ ಕೆಂಪು, ಕಪ್ಪು ಎರಡೂ ಮಣ್ಣು ಕೂರುತ್ತದೆ. ನೀರು ಬಿಟ್ಟು ಮೆತ್ತನೆ ಬ್ರಷ್‌ನಿಂದ ತೊಳೆಯಬೇಕು. ಅಗಲ, ಆಕಾರ ಫೋಮಿನ ಸೀಟಿನಲ್ಲಿ ಖಾತ್ರಿಯಾದ ಮೇಲೆ ಅದೇ ಮಾದರಿಯ ಪ್ರಿಂಟಿನದಕ್ಕೆ ಹೋಗುವುದು ಜಾಣತನ.

ಜಮಖಂಡಿ ಚೈನ್‌ರಿಂಗ್

ಎತ್ತರ 72ಕ್ಕೇ ನಿಲ್ಲಿಸಬೇಡಿ, ಹಿಮ್ಮಡಿ ಪರೀಕ್ಷೆ ಪಾಸಾಗುವ ತನಕ ಇಳಿಸುತ್ತಾ ಹೋಗಿ. ಹೊಸ ಸೀಟು ಹಾಕುವುದು ಆಮೇಲೆ. ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗುವುದಿಲ್ಲ.

ಹೊಸ ಸೀಟಿನ ಮೇಲೆ ಮೊದಲ ಒಂದೆರಡು ವಾರ ಎಲುಬು ಇರುವ ಜಾಗದಲ್ಲಿ ಸ್ವಲ್ಪ ನೋವು ಸಹಜ, ಹಳೆಯದರಲ್ಲಿ ಭಾರ ಬೀಳದ ಜಾಗ ಅದು. ಅದು ದಿನದಿಂದ ದಿನಕ್ಕೆ ಇಳಿಯಬೇಕು. ಜೋಮು ಮಾತ್ರ ಸಹಜ ಅಲ್ಲ, ಮೊದಲ ದಿನ ಬಂದರೂ ಸುಮ್ಮನಿರಬೇಡಿ, ಮೂತಿಯನ್ನು ಅರ್ಧ ಡಿಗ್ರಿ ಇಳಿಸಿ ನೋಡಿ. ಗಿಡ್ಡ ಮೂತಿಯದರಲ್ಲಿ ಹಿಂಭಾಗ ಎದ್ದಿರುತ್ತದೆ, ಪಟ್ಟಿಯನ್ನು ಪೂರ್ತಿ ಉದ್ದಕ್ಕಿಟ್ಟು ಸೊನ್ನೆ ಮಾಡಿದರೆ ಮೂತಿ ಮೇಲೆದ್ದು ಬಿಡುತ್ತದೆ. ಮುಂದಿನ ಅರ್ಧ ಭಾಗವನ್ನು ಮಾತ್ರ ಮಟ್ಟಕ್ಕೆ ತನ್ನಿ.

ನಮ್ಮ ಎರಡೂ ಜಿಲ್ಲೆಯಲ್ಲಿ ರೇಸ್ ಓಡಿಸುವ ಮಕ್ಕಳು ಬಹಳ, ಹಿರಿಯರು ಬಿಟ್ಟ ಸೀಟಿನ ಮೇಲೆ ಕೂರುವವರೂ ಬಹಳ. ಅವರಿಗಾಗಿ ಒಂದು ಮಾತು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ರೇಸಿಗೆ ಸೀಟಿನ ಉದ್ದ 240 ಎಂಎಂಗಿಂತ ಕಮ್ಮಿ, 300ಕ್ಕಿಂತ ಜಾಸ್ತಿ ಇರಬಾರದು, ವಾಲು 9 ಡಿಗ್ರಿ ಮೀರಬಾರದು. ಗಿಡ್ಡ ಮೂತಿಯದನ್ನು ಕೊಡಿಸುವ ಮುಂಚೆ ಟೇಪು ಹಿಡಿದು ನೋಡಿ. ಮಕ್ಕಳು ಬೆಳೆಯುತ್ತಾರೆ, ಆರು ತಿಂಗಳಿಗೊಮ್ಮೆ ಎತ್ತರವನ್ನೂ ಎಲುಬಿನ ಅಂತರವನ್ನೂ ಮತ್ತೆ ಅಳೆಯಬೇಕು.

ಪಾನಾ-ಪಕ್ಕಡ (ಬಾಗಲಕೋಟೆ)

ಸವಾರ ಅವ್ರೆ, ಅಂಗಡಿಯಾಗ ತಗೊಳ್ಳುವಾಗ ಮೂರು ನೋಡ್ರಿ. ಸೀಟನ್ನ ಉಲ್ಟಾ ಹಿಡದು ರೇಲು ಎರಡೂ ಒಂದಕ್ಕೊಂದು ಸಮ ಅದಾವೋ, ರೇಲು ಸೀಟಿನೊಳಗ ಸೇರೋ ಮೂರೂ ಜಾಗಾದಾಗ ಅಲ್ಲಾಡತಾವೋ, ಹಿಂದಿಂದ ನೋಡಿದ್ರ ಎರಡೂ ಕಡೆ ಎತ್ತರ ಒಂದ ಐತೋ. ಹಿಂದಿರುಗಿಸೋ ಅವಕಾಶ ಐತೋ ಅಂತ ಮೊದಲ ಕೇಳ್ರಿ. ಕ್ಲಿಪ್ಪಿನ ಗುರ್ತು ರೇಲಿನ ಮ್ಯಾಲ ಬಿದ್ದ ಕೂಡಲೆ ಬಹಳ ಅಂಗಡಿಯವರು ವಾಪಸ್ ತಗೋಳ್ಳಂಗಿಲ್ಲ. ಟ್ರಯಲ್‌ಗೆ ಕೊಡೋ ಸೀಟಿದ್ರ ಅದನ್ನ ತಗೊಂಡು ಎರಡು ಉದ್ದದ ಸವಾರಿ ಮಾಡಿ ಆಮ್ಯಾಲ ರೊಕ್ಕ ಕೊಡ್ರಿ.

ಫಿಟ್ ಮಾಡಿ 50 ಕಿ.ಮೀ. ಆದ ಮ್ಯಾಲ ಬೋಲ್ಟು ಮತ್ತೊಮ್ಮೆ ಬಿಗಿ ನೋಡ್ರಿ, ಹೊಸಾ ರೇಲು ಕ್ಲಿಪ್ಪಿನ ತೋಡಿನೊಳಗ ಕುಂತ ಮ್ಯಾಲ ಸ್ವಲ್ಪ ಸಡಿಲಾಗತೈತಿ. ತುಳಿಯುವಾಗ ಕಿರ್ ಕಿರ್ ಸಪ್ಪಳ ಬಂದ್ರ ಎದ್ದು ನಿಂತು ತುಳೀರಿ. ನಿಂತಾಗ ಸಪ್ಪಳ ನಿಂತ್ರ ಅದು ಸೀಟಿಂದು ಇಲ್ಲಾ ಪೋಸ್ಟಿಂದು, ನಿಂತಾಗೂ ಬಂದ್ರ ಪೆಡಲ್ ಕಡಿಂದು. ಸೀಟಿಂದಿದ್ರ ಬಿಗಿ ಮಾಡ್ಕೋತ ಹೋಗಬ್ಯಾಡ್ರಿ, ಬಿಚ್ಚಿ ಧೂಳು ಒರಸಿ, ಲೋಹದ ರೇಲಿಗೆ ಕ್ಲಿಪ್ಪು ಹಿಡಿಯೋ ಜಾಗಾಕ್ಕ ತೆಳ್ಳಗ ಗ್ರೀಸು ಸವರಿ ಮತ್ತ ಕೂಡಸ್ರಿ. ಕಡೀಗೆ, ಎತ್ತರ ಪೂರಾ ನಿಂತ ಮ್ಯಾಲ ಪೋಸ್ಟು ಫ್ರೇಮಿಗೆ ಸೇರೋ ಜಾಗಾಕ್ಕ ಇಲೆಕ್ಟ್ರಿಕ್ ಟೇಪು ಒಂದು ಸುತ್ತು ಸುತ್ತಿಡ್ರಿ. ಬಸ್ಸಿನಾಗ ಒಯ್ಯಾಕ ಪೋಸ್ಟು ತಗದ್ರೂ ಮತ್ತ ಅದ ಎತ್ತರಕ್ಕ ಬರತೈತಿ, ಪೋಸ್ಟು ತಾನಾಗೇ ಕೆಳಗ ಜಾರಿದ್ರೂ ಟೇಪು ನೋಡಿದ್ರ ಗೊತ್ತಾಗತೈತಿ.